ಒಂದು ವರ್ಷವಾದರೂ ಫೋಟೊ ಸುಧಾರಿಸುತ್ತಿಲ್ಲ. ದೊಡ್ಡ ಲೆನ್ಸ್ ಕೊಳ್ಳಬೇಕಾ?

ಕೆರೆದಂಡೆ | ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನಂದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಹೋದ ದೀಪಾವಳಿಗೆ ಸೆಕೆಂಡ್ ಹ್ಯಾಂಡ್ ಕ್ಯಾನನ್ ಕ್ಯಾಮೆರಾ ಕೊಂಡೆ. 18-55 ಲೆನ್ಸ್ ಜೊತೆಗೇ ಬಂತು. ಆಮೇಲೆ ದುಡ್ಡು ಕೂಡಿಸಿ, ದೂರದ್ದನ್ನು ಹತ್ತಿರ ತರುವ 55-250 ಲೆನ್ಸ್ ತೆಗೆದುಕೊಂಡೆ. ಅವತ್ತಿನಿಂದ ಹೆಚ್ಚು ಕಡಿಮೆ ಪ್ರತಿ ಭಾನುವಾರ ಬೆಳಗ್ಗೆ ನಮ್ಮೂರ ಕೆರೆ ಏರಿ ಮೇಲೆ ಇರುತ್ತೇನೆ.

ಕಂಪ್ಯೂಟರಿನಲ್ಲಿ ಈಗ ಎಂಟು ಸಾವಿರ ಫೋಟೊ ಇವೆ. ನಿನ್ನೆ ರಾತ್ರಿ ಕೂತು ಮೊದಲ ತಿಂಗಳಿನವನ್ನೂ ಹೋದ ತಿಂಗಳಿನವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ತುಂಬಾ ಬೇಜಾರಾಯಿತು.

ಮೂರು ಫೋಟೊ ಹಾಕಿದ್ದೇನೆ. ಮೊದಲನೆಯದು ಒಣ ಕೊಂಬೆ ಮೇಲೆ ಕೂತ ಮಿಂಚುಳ್ಳಿ. 250 ಎಂಎಂ (ಈ ಅಂಕಿ ಹೆಚ್ಚಾದಷ್ಟು ದೂರದ್ದು ಹತ್ತಿರ ಕಾಣುತ್ತದೆ), ಎಫ್ 5.6 (ಲೆನ್ಸಿನ ಕಿಂಡಿ, ಅಂಕಿ ಕಡಿಮೆಯಾದಷ್ಟು ಕಿಂಡಿ ದೊಡ್ಡದು), ಶಟರ್ 1/125 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100. ದೊಡ್ಡದು ಮಾಡಿ ನೋಡಿದರೆ ಕಣ್ಣು ಮಸುಕು. ಎರಡನೆಯದು ನೀರಿನಲ್ಲಿ ನಿಂತ ಬೆಳ್ಳಕ್ಕಿ. ಮೈಮೇಲೆ ಒಂದು ಗರಿಯೂ ಕಾಣುವುದಿಲ್ಲ, ಸುಣ್ಣ ಬಳಿದ ಹಾಗಿದೆ. ಮೂರನೆಯದು ತೆಪ್ಪದಲ್ಲಿ ಬಲೆ ಎಳೆಯುವ ಅಣ್ಣ. ನನಗೆ ಇಷ್ಟವಾದ ಚಿತ್ರ ಇದು, ಆದರೆ ಯಾರಿಗೆ ತೋರಿಸಿದರೂ ಒಂದು ಸೆಕೆಂಡ್ ನೋಡಿ ಮುಂದೆ ಹೋಗುತ್ತಾರೆ.

150-600 ಲೆನ್ಸ್ ಕೊಂಡರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಲಕ್ಷದ ಹತ್ತಿರ ಆಗುತ್ತದೆ. ಸಾಲ ಮಾಡಬೇಕು. ಏನು ಮಾಡಲಿ?

ನೀರುಕಾಗೆ | ನವೆಂಬರ್ 9

ಸಾಲ ಮಾಡಬೇಡಿ. ಕೊನೇಪಕ್ಷ ಈ ಮೂರು ಫೋಟೊ ನೋಡಿ ಮಾಡಬೇಡಿ.

ಮಿಂಚುಳ್ಳಿ ಚಿತ್ರ ಮಸುಕಾಗಿರುವುದು ಕೈ ಅಲುಗಿ, ಲೆನ್ಸಿನದು ತಪ್ಪಿಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ಒಂದು ಹಳೇ ಲೆಕ್ಕ ಇದೆ. ಲೆನ್ಸ್ ಎಷ್ಟು ಎಂಎಂನಲ್ಲಿದೆಯೋ ಶಟರ್ ಅದಕ್ಕಿಂತ ನಿಧಾನ ಇರಬಾರದು. ನಿಮ್ಮ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಅದಕ್ಕೆ 1.6ರಿಂದ ಗುಣಿಸಿ. 250 ಎಂಎಂ ಅಂದರೆ 400 ಆಯಿತು. ಅಂದರೆ ಕಡಿಮೆ ಅಂದರೂ 1/400 ಬೇಕು. ನೀವು 1/125ರಲ್ಲಿ ತೆಗೆದಿದ್ದೀರಿ. ಆ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ನಿಜ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ. ಮಿಂಚುಳ್ಳಿ ತಲೆ ಕುಣಿಸುವುದನ್ನು ತಡೆಯುವುದಿಲ್ಲ.

ಐಎಸ್ಒ 100 ಯಾಕೆ ಇಟ್ಟಿರಿ? ಜಾಸ್ತಿ ಮಾಡಿದರೆ ಕಾಳುಕಾಳು ಬರುತ್ತದೆ ಎಂಬ ಭಯಕ್ಕೆ ಅಲ್ವಾ? ನಾನೂ ಎರಡು ವರ್ಷ ಹಾಗೇ ಮಾಡಿದ್ದೆ. ಐಎಸ್ಒ 400 ಮಾಡಿದ್ದರೆ ಅದೇ ಬೆಳಕಿನಲ್ಲಿ 1/500 ಸಿಗುತ್ತಿತ್ತು. 800ಕ್ಕೆ 1/1000. ಕಾಳು ಬಂದ ಚಿತ್ರವನ್ನು ಆಮೇಲೆ ಸ್ವಲ್ಪ ಸರಿ ಮಾಡಬಹುದು. ಅಲುಗಿದ ಕಣ್ಣನ್ನು ಯಾರೂ ಸರಿ ಮಾಡಲಾರರು.

ಮುಂದಿನ ಭಾನುವಾರ ಶಟರ್ 1/800ಕ್ಕೆ ಇಟ್ಟು, ಐಎಸ್ಒ ಆಟೊ ಮಾಡಿ, ಬರೀ ಕೂತ ಹಕ್ಕಿ ತೆಗೆಯಿರಿ. ಫೋಕಸ್ ಬಿಂದು ಒಂದೇ ಇರಲಿ, ಅದನ್ನು ಕಣ್ಣಿನ ಮೇಲೆ ಇಡಿ. ಬೇರೆ ಏನನ್ನೂ ಮುಟ್ಟಬೇಡಿ.

ಹಳೇರೀಲು | ನವೆಂಬರ್ 10

ಬೆಳ್ಳಕ್ಕಿಯ ವಿಷಯ ನಾನು ಹೇಳುತ್ತೇನೆ. ಹಾಸನದ ಕಡೆ ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು. ಬಿಳಿ ಪಂಚೆಯ ಮದುಮಗನ ಪಕ್ಕ ಕಡುನೀಲಿ ರೇಷ್ಮೆ ಸೀರೆಯ ಮದುಮಗಳನ್ನು ನಿಲ್ಲಿಸಿ ಇಬ್ಬರ ಬಟ್ಟೆಯ ನೆರಿಗೆಯೂ ಕಾಣಬೇಕು ಅಂದರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಕ್ಯಾಮೆರಾಕ್ಕೆ ಬಿಳಿ, ಕಪ್ಪು ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದು ಒಟ್ಟಾರೆ ಬೂದು ಬಣ್ಣದ್ದು ಅಂದುಕೊಂಡು ಬೆಳಕು ಅಳೆಯುತ್ತದೆ. ನಿಮ್ಮ ಚಿತ್ರದಲ್ಲಿ ಮುಕ್ಕಾಲು ಪಾಲು ಕಪ್ಪು ನೀರು. ಬೆಳ್ಳಕ್ಕಿ ಒಂದು ಮೂಲೆಯಲ್ಲಿ. ಕ್ಯಾಮೆರಾ ನೀರನ್ನು ಬೂದು ಮಾಡಲು ಹೋಗಿ ಇಡೀ ಚಿತ್ರಕ್ಕೆ ಬೆಳಕು ಜಾಸ್ತಿ ಕೊಟ್ಟಿತು. ಹಕ್ಕಿ ಸುಟ್ಟುಹೋಯಿತು. ಅಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದ ಬೆಳಕನ್ನು ನಾವು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಮೈನಸ್ 1 ಇಡಬೇಕಿತ್ತು, ಬಿಸಿಲು ಜೋರಿದ್ದರೆ ಇನ್ನೂ ಸ್ವಲ್ಪ ಕೆಳಗೆ.

ಇಲ್ಲಿ ಒಂದು ಎಚ್ಚರ. ಬಿಳಿ ಹಕ್ಕಿ ಅಂದರೆ ಯಾವಾಗಲೂ ಮೈನಸ್ ಅಂತ ಬಾಯಿಪಾಠ ಮಾಡಬೇಡಿ. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದರೆ ಕ್ಯಾಮೆರಾ ಹಕ್ಕಿಯನ್ನೇ ಬೂದು ಮಾಡುತ್ತದೆ. ಆಗ ಪ್ಲಸ್ ಬೇಕು. ಮಂಜು ಕವಿದ ಬೆಳಗ್ಗೆಯೂ ಹಾಗೇ. ಹಿನ್ನೆಲೆ ನೋಡಿ ಲೆಕ್ಕ ಹಾಕಬೇಕು.

ಫಿಲ್ಮ್ ಕಾಲದಲ್ಲಿ ಬೆಳಕು ಅಳೆಯುವ ಮೀಟರ್ ಇಲ್ಲದೆಯೂ ತೆಗೆಯುತ್ತಿದ್ದೆವು. ಬಟಾಬಯಲಿನ ಬಿಸಿಲಿಗೆ ಎಫ್ 16 ಇಟ್ಟು, ಶಟರನ್ನು ಫಿಲ್ಮಿನ ವೇಗದಷ್ಟೇ (ಈಗ ಐಎಸ್ಒ ಅನ್ನುವುದು ಅದನ್ನೇ) ಇಟ್ಟರೆ ಆಯಿತು. 100ರ ಫಿಲ್ಮಿಗೆ 1/100. ಇದನ್ನೇ ಎಫ್ 8, ಐಎಸ್ಒ 400 ಎಂದು ಬದಲಿಸಿದರೆ 1/1600 ಬರುತ್ತದೆ. ಒಂದು ದಿನ ಪೂರ್ತಿ, ಎಲ್ಲವನ್ನೂ ನಾವೇ ಇಡುವ ಮ್ಯಾನ್ಯುವಲ್‌ನಲ್ಲಿ ಈ ಲೆಕ್ಕದ ಮೇಲೆ ತೆಗೆದು ನೋಡಿ. ನೀರು ಕಪ್ಪಿರಲಿ, ಹಕ್ಕಿ ಬಿಳಿ ಇರಲಿ, ಸೂರ್ಯ ಕೊಡುವ ಬೆಳಕು ಒಂದೇ. ಅದು ಕೈಗೆ ಹತ್ತಿತು ಅಂದರೆ ಅರ್ಧ ವಿದ್ಯೆ ಬಂದ ಹಾಗೆ.

ದೂರದಗುರಿ | ನವೆಂಬರ್ 10

ಮೇಲಿನ ಇಬ್ಬರ ಮಾತೂ ಸರಿ. ಆದರೆ ಲೆನ್ಸಿನಿಂದ ಏನೂ ಆಗುವುದಿಲ್ಲ ಅಂತ ಹೊಸಬರಿಗೆ ಹೇಳುವುದು ನನಗೆ ಒಪ್ಪಿಗೆ ಇಲ್ಲ. ಹಕ್ಕಿ ಚಿತ್ರಕ್ಕೆ ಉದ್ದನೆ ಲೆನ್ಸ್ ಬೇಕೇ ಬೇಕು. 250ರಲ್ಲಿ ತೆಗೆದು, ಕತ್ತರಿಸಿ ಕತ್ತರಿಸಿ, ಕೊನೆಗೆ ಅಂಚೆಚೀಟಿಯಷ್ಟು ಉಳಿದರೆ ಗರಿ ಎಲ್ಲಿಂದ ಕಾಣಬೇಕು? ನಾನು 150-600 ಕೊಂಡ ಮೇಲೆ ನನ್ನ ಚಿತ್ರ ನಿಜಕ್ಕೂ ಸುಧಾರಿಸಿತು.

ನೀರುಕಾಗೆ | ನವೆಂಬರ್ 10

@ದೂರದಗುರಿ, ಒಪ್ಪುತ್ತೇನೆ. ಒಂದಲ್ಲ ಒಂದು ದಿನ ಬೇಕಾಗುತ್ತದೆ. ಆದರೆ 1/125ರಲ್ಲಿ ತೆಗೆಯುವ ಅಭ್ಯಾಸ ಹಾಗೇ ಇದ್ದರೆ 600 ಎಂಎಂನಲ್ಲಿ ಅಲುಗಾಟ ಎರಡು ಪಟ್ಟಿಗಿಂತ ಹೆಚ್ಚು ಕಾಣುತ್ತದೆ. ಇನ್ನೊಂದು, ಬಿಸಿಲೇರಿದ ಮೇಲೆ ಕೆರೆ ಮೇಲಿನ ಗಾಳಿ ಕುದಿಯುತ್ತದೆ. ದೂರದ ಹಕ್ಕಿಯನ್ನು ಎಷ್ಟು ದೊಡ್ಡ ಲೆನ್ಸ್ ಹಾಕಿ ತೆಗೆದರೂ ಅದು ಬಿಸಿ ಗಾಳಿಯೊಳಗಿಂದ ನೋಡಿದ ಹಾಗೇ ಬರುತ್ತದೆ. ಹತ್ತಿರ ಹೋಗುವುದಕ್ಕೆ ಬದಲಿ ಇಲ್ಲ.

ಹತ್ತಿರ ಹೋಗುವುದು ಅಂದರೆ ನಡೆದು ಹೋಗುವುದಲ್ಲ. ಕೂರುವುದು. ಮಿಂಚುಳ್ಳಿಗೆ ತನ್ನದೇ ಕೊಂಬೆ ಇರುತ್ತದೆ. ಓಡಿಸಿದರೂ ಅರ್ಧ ಗಂಟೆಗೆ ಅಲ್ಲಿಗೇ ಬರುತ್ತದೆ. ಕೊಂಬೆಯಿಂದ ಹತ್ತು ಹದಿನೈದು ಅಡಿ ದೂರದಲ್ಲಿ, ಹಕ್ಕಿ ಬರುವುದಕ್ಕೆ ಮುಂಚೆಯೇ ಹೋಗಿ ಸೊಪ್ಪಿನ ಮರೆಯಲ್ಲಿ ಸುಮ್ನೆ ಕೂತರೆ 250 ಸಾಕು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಆಟೊಫೋಕಸ್ ಇಲ್ಲದ ಕಾಲದಲ್ಲಿ, ಫಿಲ್ಮಿನಲ್ಲಿ, ಹಕ್ಕಿಗಳ ಎಂಥ ಚಿತ್ರ ತೆಗೆದಿದ್ದಾರೆ ನೋಡಿ. ಹಕ್ಕಿ ಎಲ್ಲಿ ಬಂದು ಕೂರುತ್ತದೆ ಎಂದು ಮೊದಲೇ ತಿಳಿದುಕೊಳ್ಳದೆ ಅಂಥ ಚಿತ್ರ ಆಗುವುದಿಲ್ಲ.

ಮಳೆಸಾಗರ | ನವೆಂಬರ್ 11

ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಲೆನ್ಸಿನ ಒಳಗೆ ಬೂಷ್ಟು ಹಿಡಿದಿದೆಯಾ ನೋಡಿ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದೇ. ನಮ್ಮ ಸಾಗರದ ಕಡೆ ಒಂದು ಮಳೆಗಾಲ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಸಾಕು, ಬಂದುಬಿಡುತ್ತದೆ. ನನ್ನ ಮೊದಲ ಲೆನ್ಸ್ ಹೀಗೇ ಹೋಯಿತು. ತುಂಬಾ ಸಂಕಟಪಟ್ಟೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೆ ಒಂದು ಚಿಕ್ಕ ತೇವಾಂಶ ಮಾಪಕ. 40ರಿಂದ 50 ಪರ್ಸೆಂಟ್ ಒಳಗೆ ಇರಲಿ. ಸಿಲಿಕಾ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿ.

ಕೆರೆದಂಡೆ | ನವೆಂಬರ್ 23

ಎರಡು ಭಾನುವಾರ ಹೋಗಿಬಂದೆ. ಲೆನ್ಸಿನಲ್ಲಿ ಬೂಷ್ಟು ಇಲ್ಲ, @ಮಳೆಸಾಗರ. ಡಬ್ಬಿ ತಂದಿದ್ದೇನೆ.

1/800ಕ್ಕೆ ಇಟ್ಟು 140 ಫೋಟೊ ತೆಗೆದೆ. ಐಎಸ್ಒ ತಾನಾಗೇ 640, 800 ಆಗುತ್ತಿತ್ತು. ಮೊದಲ ಸಲ ಮಿಂಚುಳ್ಳಿ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಂಡಿತು! ಒಂದು ವರ್ಷ ನಾನು ಲೆನ್ಸನ್ನು ಬೈಯುತ್ತಿದ್ದೆ.

ಬೆಳ್ಳಕ್ಕಿ ಇನ್ನೂ ಕಷ್ಟ. ಮೈನಸ್ 1 ಇಟ್ಟೆ, ಗರಿ ಬಂತು. ಆದರೆ ಹಾರುವಾಗ ತೆಗೆಯೋಣ ಎಂದು ಚಪ್ಪಾಳೆ ತಟ್ಟಿ ಎಬ್ಬಿಸಿದೆ. ಎಲ್ಲಾ ನನಗೆ ಬೆನ್ನು ಹಾಕಿ ಹಾರಿದವು. ಒಂದರಲ್ಲೂ ಮುಖ ಇಲ್ಲ. ಏನು ಮಾಡಬೇಕು?

ನೀರುಕಾಗೆ | ನವೆಂಬರ್ 23

ಮೊದಲು ಚಪ್ಪಾಳೆ ನಿಲ್ಲಿಸಿ. ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬಾತುಗಳು, ಗೊರವಗಳು ಸಾವಿರಾರು ಮೈಲಿ ಹಾರಿ ಬಂದಿರುತ್ತವೆ. ಬೆಳಗಿನ ಹೊತ್ತು ಅವು ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತು. ಒಂದು ಬೆಳ್ಳಕ್ಕಿ ಎದ್ದರೆ ಇಡೀ ಕೆರೆ ಏಳುತ್ತದೆ. ಹೆದರಿದ ಹಕ್ಕಿ ಬೆನ್ನು ತಿರುಗಿಸಿಯೇ ಹಾರುತ್ತದೆ. ಅಂದರೆ ಹಕ್ಕಿಗೂ ನಷ್ಟ, ಚಿತ್ರಕ್ಕೂ ನಷ್ಟ.

ಹಾರುವ ಚಿತ್ರ ಬೇಕು ಅಂದರೆ ಗಾಳಿ ನೋಡಿ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣ, ಬಡಗು ಮೂಡಣದಿಂದ ಬೀಸುತ್ತದೆ. ಬೆಳಗಿನ ಸೂರ್ಯನೂ ಅಲ್ಲೇ. ನೀವು ಕೆರೆಯ ಮೂಡಣ ದಡದಲ್ಲಿ ಕೂತರೆ ಗಾಳಿ, ಬಿಸಿಲು ಎರಡೂ ನಿಮ್ಮ ಬೆನ್ನಿಗೆ. ಹಕ್ಕಿ ನಿಮ್ಮ ಕಡೆಗೆ ಮುಖ ಮಾಡಿ ಏಳುತ್ತದೆ, ಮುಖದ ಮೇಲೆ ಬೆಳಕು ಇರುತ್ತದೆ. ಏಳುವ ಮುಂಚೆ ಮೈ ಮುಂದಕ್ಕೆ ಬಾಗಿಸುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಅದನ್ನು ಕಂಡ ಕೂಡಲೇ ಬೆರಳು ಶಟರ್ ಮೇಲೆ ಇರಲಿ. 1/2000, ಫೋಕಸ್ ನಿರಂತರ ಹಿಂಬಾಲಿಸುವ ಮೋಡ್.

ಗೂಡಿನ ಹತ್ತಿರವಂತೂ ಹೋಗಲೇಬೇಡಿ. ಮರಿ ಬಿಟ್ಟು ತಾಯಿ ಎದ್ದರೆ ಕಾಗೆ, ಹದ್ದು ಕಾಯುತ್ತಿರುತ್ತವೆ. ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ಸ್ವೀಕರಿಸುವುದೇ ಇಲ್ಲ.

ಕೆರೆದಂಡೆ | ನವೆಂಬರ್ 23

ಇನ್ನು ಮೇಲೆ ಎಬ್ಬಿಸುವುದಿಲ್ಲ. ಯಾರೋ ಮಾಡಿದ್ದನ್ನು ನೋಡಿ ನಾನೂ ಮಾಡಿದೆ. ಹೇಳಿದ್ದು ಒಳ್ಳೇದಾಯಿತು.

ಬೀದರ್‌ಮೊಬೈಲ್ | ನವೆಂಬರ್ 26

ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನ್ ಒಂದೇ. ಆದರೂ ಈ ಬೂದು ಬಣ್ಣದ ಲೆಕ್ಕ ಓದಿ ಒಂದು ವಿಷಯ ಹೊಳೆಯಿತು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಬೀದರಿನ ಬಿದರಿ ಕೆಲಸ ನಿಮಗೆ ಗೊತ್ತು. ಸತು, ತಾಮ್ರ ಸೇರಿಸಿದ ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುತ್ತಾರೆ. ಪರಿಚಯದ ಕುಶಲಕರ್ಮಿಯೊಬ್ಬರು ಮಾರಾಟಕ್ಕೆ ಫೋಟೊ ತೆಗೆದುಕೊಡು ಅಂದರು. ಎಷ್ಟು ತೆಗೆದರೂ ಕಪ್ಪು ಹೂದಾನಿ ಮಾಸಿದ ಬೂದಿಯ ಹಾಗೆ ಬರುತ್ತಿತ್ತು. ಅವರ ಕಪ್ಪು ಅಷ್ಟು ಆಳವಾದದ್ದು, ನನ್ನ ಫೋಟೊದಲ್ಲಿ ಸತ್ತುಹೋಗಿತ್ತು. ಈಗ ಗೊತ್ತಾಯಿತು. ಫೋನ್ ಕಪ್ಪನ್ನು ಬೂದು ಮಾಡುತ್ತಿತ್ತು. ಹೂದಾನಿ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿದೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದೆ. ಕಪ್ಪು ಕಪ್ಪಾಯಿತು.

ಆದರೆ ಬೆಳ್ಳಿ ಗೆರೆಯೂ ಮಂಕಾಯಿತು. ಅದಕ್ಕೆ ಏನು ಮಾಡುವುದು?

ಹಳೇರೀಲು | ನವೆಂಬರ್ 26

ಬೆಳ್ಳಿ ಕನ್ನಡಿ ಇದ್ದ ಹಾಗೆ. ತನ್ನ ಎದುರಿಗೆ ಇರುವುದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲೆ ಕೋಣೆ ಇದ್ದರೆ ಕತ್ತಲೆ ತೋರಿಸುತ್ತದೆ. ಹೂದಾನಿಯನ್ನು ಕಿಟಕಿಯ ಹತ್ತಿರ ಇಡಿ, ನೇರ ಬಿಸಿಲು ಬೇಡ. ಇನ್ನೊಂದು ಪಕ್ಕಕ್ಕೆ ಒಗೆದ ಬಿಳಿ ಪಂಚೆಯನ್ನು ಕುರ್ಚಿ ಮೇಲೆ ಹರಡಿ ನಿಲ್ಲಿಸಿ. ಪಂಚೆಯ ಬಿಳುಪು ಬೆಳ್ಳಿಯಲ್ಲಿ ಕಾಣುತ್ತದೆ. ಪಂಚೆಯನ್ನು ನಾಲ್ಕು ಬೆರಳು ಆಚೆ ಈಚೆ ಸರಿಸುತ್ತಾ ನೋಡಿ, ಗೆರೆಗಳು ಒಂದೊಂದಾಗಿ ಬೆಳಗುತ್ತವೆ. ಫೋಟೊ ಹೊಡೆಯುವ ಮೊದಲು ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಜೇಬಿನಲ್ಲಿಟ್ಟ ಫೋನಿನ ಲೆನ್ಸ್ ಮೇಲೆ ಎಣ್ಣೆ ಪಸೆ ಇದ್ದೇ ಇರುತ್ತದೆ.

ಬೀದರ್‌ಮೊಬೈಲ್ | ನವೆಂಬರ್ 29

ಪಂಚೆ ಹಿಡಿದು ತೆಗೆದ ಚಿತ್ರ ಹಾಕಿದ್ದೇನೆ. ಅವರು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇದು ನನ್ನ ಕೈಕೆಲಸದ ಹಾಗೆ ಕಾಣುತ್ತದೆ ಅಂದರು. ಹಿರಿಯರಿಗೆ ನಮಸ್ಕಾರ.

ಕುಂದಾಪ್ರದವ | ಡಿಸೆಂಬರ್ 6

ಒಳ್ಳೇ ಚರ್ಚೆ ನಡೆಯುತ್ತಿದೆ. ನನ್ನದೂ ಒಂದು ಪ್ರಶ್ನೆ. ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿದೆ, ವಾರಕ್ಕೆ ಎರಡು ಆಟ ನೋಡುತ್ತೇನೆ. ರಂಗಸ್ಥಳದ ಬೆಳಕಿನಲ್ಲಿ 1/640ರಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯಾ?

ನೀರುಕಾಗೆ | ಡಿಸೆಂಬರ್ 6

ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಆ ಕರೆಂಟಿನ ದೀಪಗಳು ಸೆಕೆಂಡಿಗೆ 100 ಸಲ ಹೊತ್ತಿ ಮಂಕಾಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರಿಗೆ ಗೊತ್ತಾಗುತ್ತದೆ. 1/100 ಅಥವಾ 1/50 ಇಟ್ಟರೆ ಒಂದು ಪೂರ್ತಿ ಮಿಣುಕು ಸೇರುತ್ತದೆ, ಪಟ್ಟಿ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದರೆ ಅದನ್ನು ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ.

ಕುಂದಾಪ್ರದವ | ಡಿಸೆಂಬರ್ 15

1/100ಕ್ಕೆ ಪಟ್ಟಿ ಹೋಯಿತು. ಆದರೆ ಕುಣಿತ ಎಲ್ಲಾ ಕಲಸಿ ಬಂತು. ಮೂರು ಆಟ ಹಾಗೇ ಹೋಯಿತು. ನಾಲ್ಕನೇ ಆಟಕ್ಕೆ ಕ್ಯಾಮೆರಾ ಮಡಿಲಲ್ಲಿ ಇಟ್ಟುಕೊಂಡು ಚೆಂಡೆ ಕೇಳಿದೆ. ಆಗ ಅರ್ಥವಾಯಿತು. ಬಿಡ್ತಿಗೆ (ಮುಕ್ತಾಯದ ಬಡಿತ) ಮುಗಿಯುವ ಹೊಡೆತಕ್ಕೆ ವೇಷಧಾರಿ ಒಂದು ಗಳಿಗೆ ಕಲ್ಲಿನ ಹಾಗೆ ನಿಲ್ಲುತ್ತಾನೆ. ಕೈ, ಕಣ್ಣು, ಕಿರೀಟ ಎಲ್ಲಾ ನಿಂತಿರುತ್ತದೆ. ಅಲ್ಲಿಗೆ 1/100 ಧಾರಾಳ ಸಾಕು. ದಿಗಿಣ, ಅಂದರೆ ಹಾರಿ ಗಿರಕಿ, ಹೊಡೆಯುವಾಗಲೂ ಮೇಲೆ ಹೋಗಿ ಕೆಳಗೆ ಬರುವ ನಡುವೆ ಒಂದು ಕ್ಷಣ ಮೈ ಗಾಳಿಯಲ್ಲಿ ನಿಂತ ಹಾಗಿರುತ್ತದೆ.

ನಾನು ಚಿಕ್ಕಂದಿನಿಂದ ಆಟ ನೋಡಿ ಬೆಳೆದವನು. ತಾಳ ನನಗೆ ಗೊತ್ತೇ ಇತ್ತು. ಕ್ಯಾಮೆರಾ ಕೈಗೆ ಬಂದ ಮೇಲೆ ಅದನ್ನು ಕೇಳುವುದನ್ನೇ ಬಿಟ್ಟಿದ್ದೆ. ಈಗ ಒಂದು ಆಟಕ್ಕೆ ಐವತ್ತು ಚಿತ್ರ ತೆಗೆದರೆ ಹೆಚ್ಚು. ಮೊದಲು ಆರುನೂರು ತೆಗೆಯುತ್ತಿದ್ದೆ.

ಹಳೇರೀಲು | ಡಿಸೆಂಬರ್ 16

@ಕುಂದಾಪ್ರದವ, ಇದನ್ನು ಓದಿ ತುಂಬಾ ಸಂತೋಷವಾಯಿತು.

ಆರುನೂರರಿಂದ ಐವತ್ತಕ್ಕೆ ಇಳಿದಿರಲ್ಲ, ಅದರ ಬಗ್ಗೆ ಎಲ್ಲರಿಗೂ ಒಂದು ಮಾತು. ನಮ್ಮ ಯಾಶಿಕಾ ಕ್ಯಾಮೆರಾದಲ್ಲಿ 120 ಅನ್ನುವ ಅಗಲ ಫಿಲ್ಮಿನ ರೋಲು ಹಾಕಿದರೆ 12 ಚಿತ್ರ. ಅಷ್ಟೇ. ಚಿಕ್ಕ ಕ್ಯಾಮೆರಾದ ರೋಲಿಗೆ 36. ಒಂದೊಂದಕ್ಕೂ ದುಡ್ಡು. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟನೇ ಫ್ರೇಮು, ಎಷ್ಟು ಗಂಟೆ, ಬೆಳಕು ಯಾವ ಕಡೆಯಿಂದ, ಎಫ್ ಎಷ್ಟು. ನೆಗೆಟಿವ್ ಬಂದ ಮೇಲೆ ಬಲ್ಬಿಗೆ ಹಿಡಿದು ಅದರ ಪಕ್ಕ ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಬರೆಯುತ್ತಿದ್ದೆ. ನನಗೆ ಯಾರೂ ಕಲಿಸಲಿಲ್ಲ, ಆ ನೋಟ್‌ಬುಕ್ ಕಲಿಸಿತು. ಈಗ ಆ ಅಂಕಿಗಳನ್ನೆಲ್ಲ ಕ್ಯಾಮೆರಾ ತಾನೇ ಬರೆದಿಡುತ್ತದೆ. ಯಾಕೆ ಕೆಟ್ಟಿತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ನಾವೇ ಬರೆಯಬೇಕು.

ಹಳೇಬೀಡಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಹೊಯ್ಸಳೇಶ್ವರ ದೇವಾಲಯ ಮೂಡಣಕ್ಕೆ ಮುಖ ಮಾಡಿದೆ. ಹಿಂದಿನ ಗೋಡೆಯ ಶಿಲ್ಪಗಳಿಗೆ ಬಿಸಿಲು ಬರುವುದು ಮಧ್ಯಾಹ್ನದ ಮೇಲೆ. ಮೊದಮೊದಲು ಬೆಳಗ್ಗೆ ಹೋಗಿ, ನೆರಳಿನಲ್ಲಿ ತೆಗೆದು, ಶಿಲ್ಪ ಚಪ್ಪಟೆ ಬಂತು ಎಂದು ಕೊರಗುತ್ತಿದ್ದೆ. ಬಳಪದ ಕಲ್ಲಿನ ಸಣ್ಣ ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಓರೆಯಾಗಿ ಗೋಡೆಯನ್ನು ಸವರಿಕೊಂಡು ಬರಬೇಕು. ಅಲ್ಲಿನ ಗೋಡೆ ಮೂಲೆ ಮೂಲೆಯಾಗಿ ಒಳಗೆ ಹೊರಗೆ ಚಾಚಿಕೊಂಡಿದೆ. ಒಂದು ಮುಖಕ್ಕೆ ಬೆಳಕು ನೇರ ಬಿದ್ದಾಗ ಪಕ್ಕದ ಮುಖಕ್ಕೆ ಓರೆ. ಯಾವ ಶಿಲ್ಪಕ್ಕೆ ಯಾವ ಗಂಟೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ, ಇವತ್ತಿಗೂ ಇದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗದೆ ಇದು ಸಿಗುತ್ತಿರಲಿಲ್ಲ.

@ಕೆರೆದಂಡೆ, ನಿಮಗೆ ಒಂದು ಕೆರೆ ಇದೆ. ಅದನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ. ಒಂದು ಭಾನುವಾರಕ್ಕೆ 36 ಮಾತ್ರ ಅಂತ ನಿಯಮ ಮಾಡಿಕೊಳ್ಳಿ. ಆ ತೆಪ್ಪದ ಚಿತ್ರದ ಬಗ್ಗೆ ಯಾರೂ ಮಾತಾಡಲಿಲ್ಲ ಅಲ್ವಾ? ಮೂರರಲ್ಲಿ ನನಗೆ ಹಿಡಿಸಿದ್ದು ಅದೇ. ಆ ಮನುಷ್ಯನ ತಲೆಯಿಂದ ತೆಂಗಿನಮರ ಹುಟ್ಟಿದ ಹಾಗಿದೆ, ನೋಡಿ. ನೀವು ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ತಲೆ ಬರೀ ಆಕಾಶದ ಮೇಲೆ ಬರುತ್ತಿತ್ತು. ನೋಡುವವರು ಒಂದು ಸೆಕೆಂಡಿಗೆ ಮುಂದೆ ಹೋಗುವುದಕ್ಕೆ ಕಾರಣ ಅದೇ. ಕಣ್ಣು ಎಲ್ಲಿ ನಿಲ್ಲಬೇಕೋ ಗೊತ್ತಾಗುವುದಿಲ್ಲ.

ಕೆರೆದಂಡೆ | ಡಿಸೆಂಬರ್ 16

ಅಯ್ಯೋ, ಹೌದು! ಒಂದು ವರ್ಷ ಆ ಚಿತ್ರ ನೋಡಿದ್ದೇನೆ, ಮರ ಕಂಡೇ ಇರಲಿಲ್ಲ. ಈಗ ಮರ ಬಿಟ್ಟು ಬೇರೇನೂ ಕಾಣುತ್ತಿಲ್ಲ.

ಮಳೆಸಾಗರ | ಡಿಸೆಂಬರ್ 17

ಫೋಟೊವನ್ನು ತಲೆಕೆಳಗೆ ತಿರುಗಿಸಿ ನೋಡಿ. ಆಗ ಮನುಷ್ಯ, ಮರ ಅಂತ ಅನ್ನಿಸುವುದಿಲ್ಲ. ಬರೀ ಕಪ್ಪು, ಬಿಳಿ ಆಕಾರ ಕಾಣುತ್ತದೆ. ಇಂಥ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ದೂರದಗುರಿ | ಡಿಸೆಂಬರ್ 17

ಬೆಂಗಳೂರಿಗೆ ಬಂದು ಹೋಗುವುದಿದ್ದರೆ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಗ್ಗೆ ವಿಚಾರಿಸಿ. 1971ರಿಂದ ಇದೆ. ಚೆನ್ನಾಗಿದೆ ಅನ್ನುವ ನೂರು ಜನಕ್ಕಿಂತ, ಎದುರಿಗೆ ಕೂತು ಇಲ್ಲಿ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸುವ ಒಬ್ಬರು ಬೇಕು. ನನಗೆ ಸಿಕ್ಕಿದ್ದು ತಡವಾಗಿ. ಮೊದಲೇ ಸಿಕ್ಕಿದ್ದರೆ ಲೆನ್ಸನ್ನು ಇನ್ನೂ ಎರಡು ವರ್ಷ ಬಿಟ್ಟು ಕೊಳ್ಳುತ್ತಿದ್ದೆ. ಇದನ್ನು ಒಪ್ಪಿಕೊಳ್ಳಬೇಕು.

ಕೆರೆದಂಡೆ | ಜನವರಿ 18

ಸಂಕ್ರಾಂತಿ ಶುಭಾಶಯ, ತಡವಾಗಿ. ನಾಲ್ಕು ಭಾನುವಾರದ ಲೆಕ್ಕ ಹೇಳುತ್ತೇನೆ.

36ರ ನಿಯಮ ಮೊದಲ ವಾರ ಹಿಂಸೆಯಾಯಿತು. ಅರ್ಧ ಗಂಟೆಗೇ ಮುಗಿದುಹೋಯಿತು. ಎರಡನೇ ವಾರ ಹತ್ತು ಉಳಿಸಿಕೊಂಡು ಮನೆಗೆ ಬಂದೆ. ನೋಟ್‌ಬುಕ್ ಮಾಡಿದ್ದೇನೆ. ಮನೆಗೆ ಬಂದ ಮೇಲೆ ಕೆಟ್ಟವುಗಳ ಪಕ್ಕ ಒಂದೊಂದು ಕಾರಣ ಬರೆಯುತ್ತೇನೆ. ನಾಲ್ಕು ವಾರದ 131 ಚಿತ್ರದಲ್ಲಿ ಕೈ ಅಲುಗಿದ್ದು 6 ಮಾತ್ರ. ಬೆಳಕು ತಪ್ಪಿದ್ದು 19. ಹಿನ್ನೆಲೆ ಕೆಟ್ಟಿದ್ದು 58! ಅಂದರೆ ನನ್ನ ಕಾಯಿಲೆ ಯಾವುದು ಅಂತ ಈಗ ಗೊತ್ತಾಗಿದೆ. ಇಷ್ಟು ದಿನ ಹಕ್ಕಿಯನ್ನು ಮಾತ್ರ ನೋಡುತ್ತಿದ್ದೆ, ಅದರ ಹಿಂದೆ ಏನಿದೆ ನೋಡುತ್ತಿರಲಿಲ್ಲ. ಈಗ ಏರಿ ಮೇಲೆ ನಿಲ್ಲುವುದನ್ನು ಬಿಟ್ಟು ಕೆಳಗೆ ಇಳಿದು ನೀರಿನ ಮಟ್ಟಕ್ಕೆ ಕೂರುತ್ತೇನೆ. ಹಿಂದಿನ ಜೊಂಡು ದೂರ ಹೋಗಿ ಮೆತ್ತಗೆ ಹಸಿರಾಗುತ್ತದೆ. ಹಕ್ಕಿ ಒಂದೇ ಎದ್ದು ಕಾಣುತ್ತದೆ.

ತೆಪ್ಪದ ಅಣ್ಣನ ಜೊತೆ ಮಾತಾಡಿದೆ. ಒಂದು ವರ್ಷ ದೂರದಿಂದ ತೆಗೆದಿದ್ದೆ, ಹೆಸರೂ ಕೇಳಿರಲಿಲ್ಲ. ಆರು ಗಂಟೆಗೆ ನೀರಿಗೆ ಇಳಿಯುತ್ತಾರೆ, ಆರೂಮುಕ್ಕಾಲಿಗೆ ಮೊದಲ ಬಲೆ ಎಳೆಯುತ್ತಾರೆ. ಅದೂ ಗೊತ್ತಿರಲಿಲ್ಲ. ನಾನು ಏಳೂವರೆಗೆ ಹೋಗುತ್ತಿದ್ದೆ.

ಹಳೇರೀಲು | ಜನವರಿ 19

ಹೀಗೆ ಎಣಿಸಿ ಬರೆದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ಆ ಅಣ್ಣನ ಚಿತ್ರ ಮುಂದುವರಿಸಿ. ಬಿಡುವಾದಾಗ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1923ರಲ್ಲಿ ಹುಟ್ಟಿದವರು, 2009ರಲ್ಲಿ ಹೋದರು. ಕಪ್ಪು ಬಿಳುಪಿನಲ್ಲಿ ಮಕ್ಕಳು, ಹಳ್ಳಿಯವರು, ಕೆಲಸ ಮಾಡುವ ಜನ. ಕ್ಯಾಮೆರಾ ಎದುರಿಗಿದೆ ಎಂಬ ಬಿಗುಪು ಯಾರ ಮುಖದಲ್ಲೂ ಇಲ್ಲ. ಅದು ಲೆನ್ಸಿನಿಂದ ಬರುವುದಲ್ಲ. ಒಂದೊಂದು ಚಿತ್ರದ ಮುಂದೆ ಐದು ನಿಮಿಷ ಕೂತು ಬೆಳಕು ಎಲ್ಲಿಂದ ಬಂತು, ಅವರು ಎಲ್ಲಿ ನಿಂತಿದ್ದರು, ಹಿಂದೆ ಏನಿದೆ, ಏನನ್ನು ಹೊರಗೆ ಬಿಟ್ಟರು ಅಂತ ಕೇಳಿಕೊಳ್ಳಿ.

ಮತ್ತೆ, ಒಳ್ಳೇ ಚಿತ್ರ ಬಂದರೆ ಪ್ರಿಂಟ್ ಹಾಕಿಸಿ. ಒಂದನ್ನು ಅವರಿಗೆ ಕೊಡಿ.

ಕೆರೆದಂಡೆ | ಫೆಬ್ರವರಿ 15

ಪ್ರಿಂಟ್ ಕೊಟ್ಟೆ. ಇದೇ ಆ ಚಿತ್ರ, ಕೆಳಗೆ ಹಾಕಿದ್ದೇನೆ. 18-55ರಲ್ಲಿ ತೆಗೆದದ್ದು. 55 ಎಂಎಂ, ಎಫ್ 5.6, 1/500, ಐಎಸ್ಒ 400. ಮೂಡಣ ದಡದಿಂದ, ಏಳು ಗಂಟೆಯ ಬಿಸಿಲು. ತಲೆ ಆಕಾಶದ ಮೇಲಿದೆ, ಮರ ಇಲ್ಲ. ಮುಖ ಚೆನ್ನಾಗಿ ಬಂದಿದೆ ಅಂತ ನನಗೇ ಅನ್ನಿಸಿತು.

ಅಣ್ಣ ಪ್ರಿಂಟನ್ನು ಲುಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಮನೆಯವರನ್ನು ಕರೆದು ತೋರಿಸಿದರು. ಆಮೇಲೆ ಕೇಳಿದರು, "ಎಲ್ಲಾ ಸರಿ ಐತೆ ಕಣಮ್ಮ, ನನ್ನ ಬಲೆ ಎಲ್ಲೋಯ್ತು?"

ನಿಜ. ಬಲೆ ಕಾಣುತ್ತಲೇ ಇಲ್ಲ. ತೆಳ್ಳನೆ ನೈಲಾನ್ ಬಲೆ, ನೀರಿನ ಬಣ್ಣದಲ್ಲಿ ಬೆರೆತುಹೋಗಿದೆ. ಅವರು ಗಾಳಿಯಲ್ಲಿ ಕೈ ಆಡಿಸುತ್ತಿರುವ ಹಾಗಿದೆ. ಬಲೆ ಕಾಣುವ ಹಾಗೆ ತೆಗೆಯುವುದು ಹೇಗೆ?

ಹಳೇರೀಲು | ಫೆಬ್ರವರಿ 15

ಇಷ್ಟು ದಿನ ಬಿಸಿಲನ್ನು ಬೆನ್ನಿಗೆ ಇಟ್ಟುಕೊಂಡು ತೆಗೆದಿರಿ. ಈ ಒಂದು ಚಿತ್ರಕ್ಕೆ ಆಚೆ ದಡಕ್ಕೆ ಹೋಗಿ. ಪಡುವಣ ದಡದಿಂದ ಸೂರ್ಯನ ಕಡೆಗೆ ಮುಖ ಮಾಡಿ. ಬಲೆ ನೀರಿನಿಂದ ಮೇಲೆ ಬಂದಾಗ ಕಣ್ಣುಕಣ್ಣಿನಲ್ಲೂ ಹನಿ ಇರುತ್ತದೆ. ಹಿಂದಿನಿಂದ ಬೆಳಕು ಬಿದ್ದರೆ ಒಂದೊಂದು ಹನಿಯೂ ಹೊಳೆಯುತ್ತದೆ. ಬಲೆಯ ಹಿಂದೆ ಕಪ್ಪು ಬೇಕು, ಆಕಾಶ ಬೇಡ. ತೆಂಗಿನ ತೋಟದ ನೆರಳು ಸಾಕು, ಅಲ್ಲೇ ಇದೆ. ಮೈನಸ್ 1ರಿಂದ ಶುರು ಮಾಡಿ. ಲೆನ್ಸ್ ಮೇಲೆ ಸೂರ್ಯನ ಬೆಳಕು ನೇರ ಬೀಳದ ಹಾಗೆ ಕೈ ಅಡ್ಡ ಹಿಡಿಯಿರಿ. ಮುಖ ಕತ್ತಲಾಗುತ್ತದೆ, ಆಗಲಿ. ಕೇಳಿದ್ದು ಬಲೆಯನ್ನು ತಾನೇ.

ಕೆರೆದಂಡೆ | ಫೆಬ್ರವರಿ 15

ಈ ಮರವೇ ಈಗ ಬೇಕಾಯಿತು! ಆ ದಡಕ್ಕೆ ತೋಟದ ಒಳಗಿಂದ ಸುತ್ತಿಕೊಂಡು ಹೋಗಬೇಕು, ಅರ್ಧ ಗಂಟೆ ನಡಿಗೆ. ಭಾನುವಾರ ಐದೂವರೆಗೆ ಹೊರಡುತ್ತೇನೆ. ಅಣ್ಣನಿಗೆ ಹೇಳಿಟ್ಟಿದ್ದೇನೆ, ಮೊದಲ ಬಲೆ ಆ ಕಡೆಗೇ ಎಳೆಯುತ್ತಾರಂತೆ.